ಬ್ಯಾಂಕ್ ಷೇರು ತಗೊಳ್ಳುವ ಮೊದಲು ನಾನು ಜೋಡಿ ಖಾತೆ ನೋಡುವ ರೀತಿ

ಬ್ಯಾಂಕಿನ ಷೇರು ಅಂದ ಕೂಡಲೇ ಪಿಇ ಎಷ್ಟು, ಬುಕ್ ವ್ಯಾಲ್ಯೂ ಎಷ್ಟು, ಎನ್‌ಪಿಎ (ವಸೂಲಿಯಾಗದೆ ನಿಂತ ಕೆಟ್ಟ ಸಾಲ) ಎಷ್ಟು ಅಂತ ಕೇಳುವವರೇ ಜಾಸ್ತಿ. ನಾನೂ ಅವನ್ನು ನೋಡುತ್ತೇನೆ. ಆದರೆ ದುಡ್ಡು ಹಾಕಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಜೋಡಿ ಖಾತೆಗಳನ್ನು ನೋಡಿ. ಒಟ್ಟಿಗೆ ಏರಿಳಿಯಬೇಕಾದ ಎರಡು ಖಾತೆಗಳು ಯಾವ ವರ್ಷ ಬೇರೆ ಬೇರೆ ದಾರಿ ಹಿಡಿದವು ಅಂತ ಹುಡುಕುತ್ತೇನೆ.

ಶಿರಸಿಯಲ್ಲಿ ಲೆಕ್ಕಪತ್ರ ಬರೆಯೋದು ನನ್ನ ಕೆಲಸ. ಅಡಿಕೆ ವ್ಯಾಪಾರಿಗಳದ್ದು, ಒಂದೆರಡು ಸಹಕಾರಿ ಸಂಘಗಳದ್ದು. ಸಂಘದ ಲೆಕ್ಕ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ: ಸಾಲ ಜೋರಾಗಿ ಕೊಟ್ಟ ವರ್ಷ ಕಟಬಾಕಿ ಕಡಿಮೆ ಕಾಣುತ್ತದೆ. ಹೊಸ ಸಾಲದ ಕಂತೇ ಇನ್ನೂ ಬಂದಿರೋದಿಲ್ಲ, ಕಟಬಾಕಿ ಎಲ್ಲಿಂದ ಬರಬೇಕು? ದೊಡ್ಡ ಬ್ಯಾಂಕಿನಲ್ಲೂ ಇದೇ ಕಥೆ.

ಕೆಲಸ ಸುಲಭವಾಗೋದು ಒಂದು ಕಾರಣಕ್ಕೆ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಹೇಳಿದ ನಮೂನೆಯಲ್ಲೇ ಎಲ್ಲ ಬ್ಯಾಂಕುಗಳೂ ಲೆಕ್ಕ ಕೊಡಬೇಕು. ಲೆಕ್ಕದ ಜೊತೆ ಶೆಡ್ಯೂಲ್ ಅನ್ನುವ ನಂಬರು ಹಾಕಿದ ಪಟ್ಟಿಗಳಿರುತ್ತವೆ: ಶೆಡ್ಯೂಲ್ 3 ಅಂದರೆ ಠೇವಣಿ, 9 ಅಂದರೆ ಸಾಲ, 13 ಬಡ್ಡಿ ಆದಾಯ, 15 ಬಡ್ಡಿ ಖರ್ಚು. ಹೀಗಾಗಿ ಒಂದು ಬ್ಯಾಂಕಿಗೆ ಮಾಡಿದ ಎಕ್ಸೆಲ್ ಶೀಟು ಇನ್ನೊಂದಕ್ಕೂ ಆಗುತ್ತದೆ. ಸಾಲಿಗೊಂದು ವರ್ಷ, ಕಾಲಮ್ಮಿಗೊಂದು ಖಾತೆ, ಆಮೇಲೆ ಕೋರೆಲ್ (CORREL) ಫಾರ್ಮುಲಾ. ಎರಡು ಖಾತೆಗಳು ಎಷ್ಟರ ಮಟ್ಟಿಗೆ ಜೊತೆಗೆ ಸಾಗುತ್ತವೆ ಅನ್ನುವ ಅಂಕಿ, ಅಂದರೆ ಕೋರಿಲೇಷನ್, ಅದು ಕೊಡುತ್ತದೆ. ಉತ್ತರ 1ರ ಹತ್ತಿರ ಬಂದರೆ ಎರಡೂ ಜೊತೆಗೆ ಏರಿಳಿಯುತ್ತಿವೆ, 0 ಹತ್ತಿರ ಇದ್ದರೆ ನೇರ ಸಂಬಂಧ ಕಾಣುತ್ತಿಲ್ಲ, ಮೈನಸ್ 1ರ ಹತ್ತಿರ ಹೋದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತಿದೆ.

ಇಲ್ಲಿ ಒಂದು ಎಚ್ಚರ. ಖಾತೆಯ ಮೊತ್ತವನ್ನೇ ನೇರವಾಗಿ ಹಾಕಬೇಡಿ. ಇಪ್ಪತ್ತು ವರ್ಷದ ಚಾಲಿ ಅಡಿಕೆ ದರ ಮತ್ತು ಶಿರಸಿ-ಕುಮಟಾ ಬಸ್ಸಿನ ಟಿಕೆಟ್ ದರ ಇಟ್ಟು ನೋಡಿದರೂ ಕೋರಿಲೇಷನ್ ಚೆನ್ನಾಗೇ ಬರುತ್ತದೆ, ಯಾಕೆಂದರೆ ಎರಡೂ ಏರಿವೆ, ಅಷ್ಟೇ. ಯೂಲ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ 1926ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಹಾಗಾಗಿ ನಾನು ಹಾಕೋದು ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು ಏರಿತು ಅನ್ನುವ ಅಂಕಿ. ಅದೂ ಹತ್ತೇ ವರ್ಷದ್ದಿದ್ದರೆ 0.63ಕ್ಕಿಂತ ಕಡಿಮೆ ಬಂದದ್ದನ್ನು ನಾನು ನಂಬೋದಿಲ್ಲ, ಸುಮ್ನೆ ಆಕಸ್ಮಿಕವಾಗಿಯೂ ಅಷ್ಟು ಬರಬಹುದು. ಇಪ್ಪತ್ತು ವರ್ಷದ್ದಾದರೆ 0.44 ಸಾಕು.

ನನಗೆ ತುಂಬ ಉಪಯೋಗಕ್ಕೆ ಬಂದ ಜೋಡಿ ಬಡ್ಡಿಯದ್ದು. ಶೆಡ್ಯೂಲ್ 13ರಲ್ಲಿ ವರ್ಷದ ಬಡ್ಡಿ ಆದಾಯ ಇರುತ್ತದೆ. ಶೆಡ್ಯೂಲ್ 11ರಲ್ಲಿ, ಇತರ ಆಸ್ತಿಗಳ ನಡುವೆ, ಲೆಕ್ಕಕ್ಕೆ ತಗೊಂಡರೂ ಇನ್ನೂ ಕೈಗೆ ಬರದ ಬಡ್ಡಿ ಇರುತ್ತದೆ. ಎರಡೂ ಹೆಚ್ಚುಕಮ್ಮಿ ಜೊತೆಗೇ ಬೆಳೀಬೇಕು, ಅಲ್ವಾ? ಉದಾಹರಣೆಗೆ ಬಡ್ಡಿ ಆದಾಯ 1,000 ಕೋಟಿಯಿಂದ 1,100 ಆಯಿತು, ಬರಬೇಕಾದ ಬಡ್ಡಿ ಮಾತ್ರ 80 ಕೋಟಿಯಿಂದ 120 ಆಯಿತು ಅನ್ನಿ. ಒಂದು ಶೇಕಡಾ 10, ಇನ್ನೊಂದು ಶೇಕಡಾ 50. ಲಾಭದಲ್ಲಿ ತೋರಿಸಿದ ದುಡ್ಡು ಕೈಗೆ ಬಂದೇ ಇಲ್ಲ ಅಂತ ಆಗ ಅನುಮಾನ ಹುಟ್ಟಬೇಕು. ಆದರೆ ಕೂಡಲೇ ತೀರ್ಪು ಕೊಡಬಾರದು. ಬ್ಯಾಂಕು ಆ ವರ್ಷ ಸರ್ಕಾರಿ ಬಾಂಡ್ ಜಾಸ್ತಿ ಕೊಂಡಿದ್ದರೂ ಈ ಖಾತೆ ಉಬ್ಬುತ್ತದೆ, ಬಾಂಡಿನ ಬಡ್ಡಿ ಆರು ತಿಂಗಳಿಗೊಮ್ಮೆ ಬರುವಂಥದ್ದು. ಅದಕ್ಕೇ ಪಕ್ಕದಲ್ಲಿ ಶೆಡ್ಯೂಲ್ 8, ಅಂದರೆ ಹೂಡಿಕೆ, ಇಟ್ಟುಕೊಂಡೇ ನೋಡುತ್ತೇನೆ. ಅದು ಏರದೆ ಇದು ಮಾತ್ರ ಏರಿದ್ದರೆ ಆ ಷೇರಿನ ಹತ್ತಿರ ಹೋಗೋದಿಲ್ಲ.

ಎರಡನೇದು ಸಾಲ ಮತ್ತು ಎನ್‌ಪಿಎ. ಅದೇ ವರ್ಷದ್ದನ್ನು ಜೋಡಿಸಿದರೆ ಬ್ಯಾಂಕು ಚೆನ್ನಾಗೇ ಕಾಣುತ್ತದೆ. 100 ಕೋಟಿ ಸಾಲಕ್ಕೆ 4 ಕೋಟಿ ಎನ್‌ಪಿಎ ಇದ್ದದ್ದು, ಮರುವರ್ಷ 150 ಕೋಟಿಗೆ 4.5 ಕೋಟಿ ಆದರೆ, ಶೇಕಡಾ 4 ಇದ್ದದ್ದು 3ಕ್ಕೆ ಇಳಿಯಿತು! ಕೆಟ್ಟ ಸಾಲ ಮಾತ್ರ ಹೆಚ್ಚೇ ಆಗಿದೆ. ಅದಕ್ಕೆ ನಾನು ಈ ವರ್ಷದ ಸಾಲದ ಏರಿಕೆಯನ್ನು ಎರಡು-ಮೂರು ವರ್ಷ ಮುಂದಿನ ಎನ್‌ಪಿಎ ಜೊತೆ ಜೋಡಿಸುತ್ತೇನೆ. ಎಕ್ಸೆಲ್‌ನಲ್ಲಿ ಕಾಲಮ್ಮನ್ನು ಎರಡು ಸಾಲು ಸರಿಸಿದರೆ ಆಯಿತು.

ಮೂರನೇದು ಪ್ರಾವಿಷನ್, ಅಂದರೆ ಕೆಟ್ಟ ಸಾಲದ ನಷ್ಟಕ್ಕೆ ಅಂತ ಲಾಭದಿಂದ ತೆಗೆದಿಡುವ ಮೊತ್ತ. ಹೊಸದಾಗಿ ಕೆಟ್ಟ ಸಾಲ ಜಾಸ್ತಿಯಾದ ವರ್ಷ ಪ್ರಾವಿಷನ್ ಜಾಸ್ತಿ ಇರಬೇಕು. ಅದು ಬಿಟ್ಟು, ಪ್ರಾವಿಷನ್ನಿಗೆ ಮುಂಚಿನ ಲಾಭ ಚೆನ್ನಾಗಿ ಬಂದ ವರ್ಷ ಜಾಸ್ತಿ, ಬಾರದ ವರ್ಷ ಕಡಿಮೆ ಅಂತ ಇದ್ದರೆ, ನಿವ್ವಳ ಲಾಭವನ್ನು ಸಮ ಮಾಡಿ ತೋರಿಸುತ್ತಿದ್ದಾರೆ ಅಂತ ನನ್ನ ಲೆಕ್ಕ.

ಜೋಡಿ ಒಡೆದ ವರ್ಷ ಸಿಕ್ಕ ಮೇಲೆ ಶೆಡ್ಯೂಲ್ 18ರ ಟಿಪ್ಪಣಿಗಳನ್ನು ಕೂತು ಓದಬೇಕು. ಬೇಜಾರಿನ ಕೆಲಸ, ಆದರೆ ಸತ್ಯ ಇರೋದು ಅಲ್ಲೇ. ರಿಸರ್ವ್ ಬ್ಯಾಂಕಿನ ತಪಾಸಣೆಗೂ ಬ್ಯಾಂಕಿನ ಲೆಕ್ಕಕ್ಕೂ ದೊಡ್ಡ ವ್ಯತ್ಯಾಸ ಇದ್ದರೆ 2017ರಿಂದ ಅಲ್ಲಿ ಹೇಳಲೇಬೇಕು. 2015-16ಕ್ಕೆ ಯೆಸ್ ಬ್ಯಾಂಕ್ ತೋರಿಸಿದ್ದ ಒಟ್ಟು ಎನ್‌ಪಿಎ 749 ಕೋಟಿ, ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ ಸುಮಾರು 4,926 ಕೋಟಿ. ಆ ಬ್ಯಾಂಕಿಗೆ ಮೊರಟೋರಿಯಂ, ಅಂದರೆ ಠೇವಣಿ ಹಣ ತೆಗೆಯೋದಕ್ಕೆ ಮಿತಿ, ಬಂದದ್ದು 2020ರ ಮಾರ್ಚ್‌ನಲ್ಲಿ. ಓದಿದವರಿಗೆ ಹೊರಗೆ ಬರಲು ಸಾಕಷ್ಟು ಸಮಯ ಇತ್ತು.

ಕೆನರಾ ಬ್ಯಾಂಕ್, ಯೂನಿಯನ್ ಬ್ಯಾಂಕ್ ನೋಡುವವರು 2020-21ರ ಸಾಲನ್ನು ತೆಗೆದುಬಿಡಿ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕ್ ಯೂನಿಯನ್‌ನಲ್ಲಿ ಸೇರಿದವು. ಆ ವರ್ಷ ಸಾಲ, ಠೇವಣಿ, ಬಡ್ಡಿ ಎಲ್ಲವೂ ಒಟ್ಟಿಗೆ ಜಿಗಿದಿವೆ, ಅದೊಂದೇ ವರ್ಷ ಸಾಕು ಪೂರ್ತಿ ಕೋರಿಲೇಷನ್ನನ್ನು 1ರ ಹತ್ತಿರ ಎಳೆಯೋದಕ್ಕೆ. ನಾನು ವಿಲೀನದ ಹಿಂದಿನದ್ದು, ಮುಂದಿನದ್ದು ಬೇರೆ ಬೇರೆ ಶೀಟಿನಲ್ಲೇ ಇಟ್ಟುಕೊಂಡಿದ್ದೇನೆ.