ತಿರುಗಿಸಿದ ಕಡೆಗೇ ತಿರುಗಲಿ ಸ್ನೋಮೊಬೈಲ್

ಸ್ನೋಮೊಬೈಲ್ ಅಂದರೆ ಹಿಮದ ಮೇಲೆ ಓಡುವ ಗಾಡಿ: ಮುಂದೆ ತಿರುಗಿಸಲು ಎರಡು ಸ್ಕೀ, ಅಂದರೆ ಜಾರುವ ಹಲಗೆಗಳು, ಹಿಂದೆ ದೂಡಲು ಸುತ್ತುವ ಅಗಲ ಪಟ್ಟಿ, ಅಂದರೆ ಟ್ರ್ಯಾಕ್. ಅದನ್ನು ಓಡಿಸುವವರ ದೂರು ಹೆಚ್ಚಾಗಿ ಎರಡೇ. ಒಂದು, ‘ನೇರ ದಾರಿಯಲ್ಲೂ ಹ್ಯಾಂಡಲ್ ಆ ಕಡೆ ಈ ಕಡೆ ಎಳೆಯುತ್ತೆ, ಹಿಡಿದು ಹಿಡಿದು ತೋಳು ನೋಯುತ್ತೆ.’ ಇನ್ನೊಂದು, ‘ತಿರುವಿನಲ್ಲಿ ಹ್ಯಾಂಡಲ್ ತಿರುಗಿಸ್ತೀನಿ, ಸ್ಕೀನೂ ತಿರುಗುತ್ತೆ, ಗಾಡಿ ಮಾತ್ರ ನೆಟ್ಟಗೆ ಹೋಗುತ್ತೆ.’ ಎರಡಕ್ಕೂ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಸ್ಕೀ ತಳದ ಚೂಪು ಪಟ್ಟಿ, ಅಂದರೆ ಕಾರ್ಬೈಡ್, ಉದ್ದದ್ದು ಹಾಕಿಸಿ, ಆಗದಿದ್ದರೆ ಸ್ಕೀನೇ ಬದಲಾಯಿಸಿ. ಆದರೆ ಇವು ಬೇರೆ ಬೇರೆ ಕಾಯಿಲೆ. ಎರಡನೆಯದಕ್ಕೆ ಮದ್ದಾಗುವ ಉದ್ದದ ಕಾರ್ಬೈಡ್ ಮೊದಲನೆಯದನ್ನು ಇನ್ನಷ್ಟು ಕೆರಳಿಸುತ್ತದೆ. ಹಾಗಾಗಿ ಕೊಳ್ಳುವ ಮಾತು ಆಮೇಲೆ.

ಮೊದಲು ಸ್ಕೀಯ ತಳವನ್ನೊಮ್ಮೆ ನೋಡಿ. ಈಗಿನ ಸ್ಕೀಗಳು ಬಹುತೇಕ ಗಟ್ಟಿ ಪ್ಲಾಸ್ಟಿಕ್ಕಿನವು. ತಳದಲ್ಲಿ ಉದ್ದಕ್ಕೂ ಒಂದು ಏಣು ಇರುತ್ತದೆ, ಅದೇ ಕೀಲ್. ಕೀಲ್‌ನ ಅಂಚಿಗೆ ನಟ್ಟು ಹಾಕಿ ಬಿಗಿದಿರುವ ಉಕ್ಕಿನ ಸರಳು ರನ್ನರ್. ಆ ಸರಳಿನ ನಡುಭಾಗದಲ್ಲಿ ಉದ್ದನೆಯ ತೋಡು ಕೊರೆದು, ಅದರೊಳಗೆ ಚೂಪಾದ ಕಾರ್ಬೈಡ್ ಪಟ್ಟಿಯನ್ನು ಬೆಸೆದಿರುತ್ತಾರೆ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಸೇರಿಸಿ, ಒತ್ತಿ, ಕಾಯಿಸಿ ಮಾಡಿದ ವಸ್ತು ಅದು. ಮೋಸ್ ಗಡಸುತನದ ಅಳತೆಯಲ್ಲಿ ವಜ್ರ 10 ಆದರೆ ಇದು ಸುಮಾರು 9. ಬೇಗ ಸವೆಯುವುದಿಲ್ಲ. ಆದರೆ ಪೆಟ್ಟು ಬಿದ್ದರೆ ಬಾಗುವುದೂ ಇಲ್ಲ, ಚಕ್ಕೆ ಎದ್ದುಬಿಡುತ್ತದೆ.

ಅಗಲವಾದ ತಳ ಗಾಡಿಯ ಮೂತಿಯನ್ನು ಹಿಮದ ಮೇಲೆ ತೇಲಿಸುತ್ತದೆ. ಮೆತ್ತನೆ ಹಿಮದಲ್ಲಿ ಕೀಲ್ ದಾರಿ ಹಿಡಿಯುತ್ತದೆ. ಯಂತ್ರ ಓಡಿಸಿ ತಟ್ಟಿ ಗಟ್ಟಿ ಮಾಡಿದ ಹಿಮದ ದಾರಿಯ, ಅಂದರೆ ಟ್ರೇಲ್‌ನ ಮೇಲೆ, ಮಂಜುಗಡ್ಡೆಯ ಮೇಲೆ, ಕಚ್ಚಿ ಹಿಡಿಯುವುದು ಕಾರ್ಬೈಡ್ ಮಾತ್ರ.

ಹೆಜ್ಜೆ 1: ಕಾಯಿಲೆ ಯಾವುದು ನೋಡಿ

ಹ್ಯಾಂಡಲ್ ತಾನಾಗಿಯೇ ಎಳೆಯುವುದಕ್ಕೆ ಡಾರ್ಟಿಂಗ್ ಅನ್ನುತ್ತಾರೆ. ಮುಂದೆ ಹೋದ ನೂರಾರು ಗಾಡಿಗಳ ಕಾರ್ಬೈಡ್ ಗಟ್ಟಿ ಹಿಮದಲ್ಲಿ ಸಣ್ಣ ಸಣ್ಣ ಗೀರು ಬಿಟ್ಟಿರುತ್ತದೆ. ನಿಮ್ಮ ಕಾರ್ಬೈಡ್ ಅದರೊಳಗೆ ಬಿದ್ದು ಆ ಗೀರು ಹೋದ ಕಡೆಗೇ ಹೋಗಲು ನೋಡುತ್ತದೆ. ಎತ್ತಿನ ಗಾಡಿಯ ಚಕ್ರ ಹಳೇ ಜಾಡಿಗೆ ಬಿದ್ದ ಹಾಗೆ. ಜಾಡು ಬಿಡಿಸಿ ತಂದರೆ ಪಕ್ಕದಲ್ಲೇ ಇನ್ನೊಂದು ಜಾಡು ಕಾದಿರುತ್ತದೆ.

ತಿರುಗದೆ ನೆಟ್ಟಗೆ ಹೋಗುವುದಕ್ಕೆ ಪುಷಿಂಗ್ ಅನ್ನುತ್ತಾರೆ. ಹಿಂದಿನ ಟ್ರ್ಯಾಕ್ ದೂಡುತ್ತದೆ, ಮುಂದಿನ ಸ್ಕೀಗೆ ಹಿಡಿತ ಸಾಲದು. ಇಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿ. ಖಾಲಿ ಇರುವ, ಗೊತ್ತಿರುವ ತಿರುವಿನಲ್ಲಿ ನಿಧಾನವಾಗಿ ಹೋಗಿ. ಒಮ್ಮೆ ಥ್ರಾಟಲ್ (ವೇಗ ಹೆಚ್ಚಿಸುವ ಹಿಡಿ) ಬಿಟ್ಟು ತಿರುಗಿಸಿ, ಇನ್ನೊಮ್ಮೆ ಸ್ವಲ್ಪ ಥ್ರಾಟಲ್ ಒತ್ತುತ್ತಾ ತಿರುಗಿಸಿ. ಥ್ರಾಟಲ್ ಬಿಟ್ಟಾಗಲೂ ಜಾರಿದರೆ ಕಾರ್ಬೈಡ್ ಮೊಂಡಾಗಿರಬಹುದು, ಇಲ್ಲವೇ ಚಿಕ್ಕದಾಗಿರಬಹುದು. ಒತ್ತಿದಾಗ ಮಾತ್ರ ಜಾರಿದರೆ ಭಾರವೆಲ್ಲ ಹಿಂದಕ್ಕೆ ಹೋಗಿ ಸ್ಕೀ ಹಗುರಾಗುತ್ತಿದೆ ಎಂದರ್ಥ. ಅದು ಸಸ್ಪೆನ್ಷನ್ ಕೆಲಸ, ಕಾರ್ಬೈಡಿನದ್ದಲ್ಲ.

ಮೂರನೆಯದೂ ಒಂದಿದೆ: ಮೂತಿ ಚೆನ್ನಾಗಿ ತಿರುಗುತ್ತದೆ, ಬಾಲ ಹೊರಗೆ ಜಾರುತ್ತದೆ. ಮುಂದಿನ ಹಿಡಿತ ಹಿಂದಿನದನ್ನು ಮೀರಿದಾಗ ಹೀಗಾಗುತ್ತದೆ. ಉದ್ದದ ಕಾರ್ಬೈಡ್ ಹಾಕಿಸಿ ಖುಷಿಯಾಗಿ ಹೊರಟವರು ಮೊದಲ ಮಂಜುಗಡ್ಡೆ ತಿರುವಿನಲ್ಲಿ ಗಿರಕಿ ಹೊಡೆಯುವುದು ಇದರಿಂದಲೇ.

ಹೆಜ್ಜೆ 2: ದುಡ್ಡು ಬಿಚ್ಚುವ ಮೊದಲು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸ್ಕೀ ಸರಿಯಿಲ್ಲ ಅನ್ನುವ ದೂರಿನಲ್ಲೂ ಎಷ್ಟೋ ಸಲ ಡೊಂಕು ಬೇರೆ ಕಡೆ ಇರುತ್ತದೆ.

ಗಾಡಿಯ ಮುಂಭಾಗವನ್ನು ಸ್ಟ್ಯಾಂಡ್ ಮೇಲೆ ಎತ್ತಿ. ಸ್ಕೀಯ ತುದಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಸ್ಕೀಯನ್ನು ಹಿಡಿದು ತಿರುಗಿಸುವ ಜೋಡಣೆಯ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿ, ಇವುಗಳಲ್ಲಿ ಯಾವುದೋ ಸವೆದಿದೆ. ಅದನ್ನು ಸರಿ ಮಾಡದೆ ಎಂಥ ದುಬಾರಿ ರನ್ನರ್ ಹಾಕಿದರೂ ಸುಮ್ನೆ ದಂಡ.

ಆಮೇಲೆ ಎರಡು ಸ್ಕೀಗಳ ನೇರ ಅಳೆಯಿರಿ. ಗಾಡಿ ಸಮ ನೆಲದ ಮೇಲಿರಲಿ, ಹ್ಯಾಂಡಲ್ ನೆಟ್ಟಗಿರಲಿ. ಎರಡೂ ಸ್ಕೀಗಳ ಮೂತಿಗೆ ಒಂದು ರಬ್ಬರ್ ಹಗ್ಗ ಸುತ್ತಿ ಬಿಗಿಯಾಗಿ ಎಳೆದು ಕಟ್ಟಿ. ಜೋಡಣೆಯಲ್ಲಿರುವ ಸಡಿಲವೆಲ್ಲ ಅದರಿಂದ ಹೋಗುತ್ತದೆ. ಈಗ ಸ್ಕೀ ಬೋಲ್ಟಿನಿಂದ ಮುಂದಕ್ಕೆ ಸುಮಾರು 10 ಇಂಚು, ಹಿಂದಕ್ಕೂ ಅಷ್ಟೇ ದೂರದಲ್ಲಿ ಗುರುತು ಮಾಡಿ, ಒಂದು ರನ್ನರ್‌ನಿಂದ ಇನ್ನೊಂದಕ್ಕೆ ಎಷ್ಟು ಅಂತರ ನೋಡಿ. ಸಾಮಾನ್ಯವಾಗಿ ಮುಂದಿನ ಅಂತರ ಹಿಂದಿನದಕ್ಕಿಂತ 3ರಿಂದ 6 ಮಿಲಿಮೀಟರ್ ಜಾಸ್ತಿ ಇರಬೇಕು, ಅಂದರೆ ಮೂತಿಗಳು ತುಸು ಹೊರಗೆ ತಿರುಗಿರಬೇಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಮೂತಿಗಳು ಒಳಗೆ ತಿರುಗಿದ್ದರೆ ಗಾಡಿ ಅಲೆದಾಡುತ್ತದೆ, ಕಾರ್ಬೈಡೂ ಬೇಗ ಸವೆಯುತ್ತದೆ.

ಇನ್ನೊಂದು ಜಾಗ ಸುಲಭವಾಗಿ ಕಣ್ತಪ್ಪುತ್ತದೆ. ಸ್ಕೀ ಮತ್ತು ಸ್ಪಿಂಡಲ್ (ಸ್ಕೀಯನ್ನು ತಿರುಗಿಸುವ ನಿಂತ ಕಂಬಿ) ನಡುವೆ ಒಂದು ರಬ್ಬರ್ ತುಂಡು ಇರುತ್ತದೆ. ಅದು ಹಳತಾಗಿ ಅಮುಕಿ ಹೋದರೆ ಸ್ಕೀಯ ಭಾರ ಬೀಳುವ ಜಾಗವೇ ಬದಲಾಗುತ್ತದೆ. ಸಾಮಾನಿನ ಅಂಗಡಿಯ ಟ್ರಾಲಿಯನ್ನು ನೆನಪಿಸಿಕೊಳ್ಳಿ: ಅದರ ಪುಟ್ಟ ಚಕ್ರ ತಾನು ತಿರುಗುವ ಗೂಟಕ್ಕಿಂತ ಹಿಂದೆ ಇರುವುದರಿಂದಲೇ ನೆಟ್ಟಗೆ ಹಿಂಬಾಲಿಸುತ್ತದೆ. ಸ್ಕೀಯೂ ಹಾಗೇ. ನೆಲ ಕಚ್ಚುವ ಜಾಗ ಸ್ಪಿಂಡಲಿಗಿಂತ ಹಿಂದಿದ್ದರೆ ನೇರ ಓಡುತ್ತದೆ, ಮುಂದಕ್ಕೆ ಬಂದರೆ ಎಳೆದಾಡುತ್ತದೆ. ಅದಕ್ಕೇ ಆ ರಬ್ಬರಿನ ಹಿಂತುದಿಯಡಿ ಚಿಕ್ಕ ರಬ್ಬರ್ ಪಟ್ಟಿ ಇಟ್ಟು ದಪ್ಪ ಮಾಡುವ ಹಳೇ ಉಪಾಯ ಇದೆ. ಸ್ಕೀಯ ಹಿಂಭಾಗ ಕೆಳಗೆ ಒತ್ತಿಕೊಳ್ಳುತ್ತದೆ, ಮೂತಿ ತುಸು ಮೇಲೇಳುತ್ತದೆ. ಪುಡಿಗಾಸಿನ ಕೆಲಸ. ಡಾರ್ಟಿಂಗ್ ಇದ್ದರೆ ನಾನಂತೂ ಮೊದಲು ಇದನ್ನೇ ಮಾಡಿ ನೋಡಿ ಅನ್ನುತ್ತೇನೆ.

ಥ್ರಾಟಲ್ ಒತ್ತಿದಾಗ ಮಾತ್ರ ಮೂತಿ ಜಾರುತ್ತಿತ್ತು ಅಲ್ವಾ? ಅಂಥ ಗಾಡಿಯಲ್ಲಿ ಹಿಂದಿನ ಸಸ್ಪೆನ್ಷನ್ನಿನ ಲಿಮಿಟರ್ ಸ್ಟ್ರಾಪ್ (ಅದರ ಮುಂಭಾಗ ಎಷ್ಟು ಕೆಳಗಿಳಿಯಬಹುದು ಎಂದು ತಡೆಯುವ ಪಟ್ಟಿ) ಅನ್ನು ಒಂದು ತೂತಿನಷ್ಟು ಗಿಡ್ಡ ಮಾಡಿದರೆ ಸ್ಕೀ ಮೇಲೆ ಭಾರ ಉಳಿಯುತ್ತದೆ. ಟ್ರ್ಯಾಕ್ ಒಳಗಿನ ಮುಂದಿನ ಸ್ಪ್ರಿಂಗ್ ಸ್ವಲ್ಪ ಸಡಿಲಿಸಿದರೂ ಅದೇ ಫಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಓಡಿಸಿ ನೋಡಿ. ಎರಡನ್ನೂ ಒಟ್ಟಿಗೆ ತಿರುಚಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಹೆಜ್ಜೆ 3: ಕಾರ್ಬೈಡ್ ಆರಿಸುವುದು

ಈಗಿರುವ ಕಾರ್ಬೈಡಿಗೆ ಟಾರ್ಚ್ ಬೆಳಕು ಬಿಡಿ. ಚೂಪಾದ ಅಂಚು ಬೆಳಕನ್ನು ವಾಪಸು ಕೊಡುವುದಿಲ್ಲ. ಅಂಚಿನುದ್ದಕ್ಕೂ ಬೆಳ್ಳಗೆ ಗೆರೆ ಹೊಳೆದರೆ ಮೊಂಡಾಗಿದೆ ಎಂದೇ ಲೆಕ್ಕ. ಉಕ್ಕಿನ ಸರಳು ಅರ್ಧ ದಪ್ಪಕ್ಕೆ ಸವೆದಿದ್ದರೂ, ಎಲ್ಲೋ ಬಾಗಿದ್ದರೂ, ಕಾರ್ಬೈಡಿನ ತುಂಡು ಉದುರಿದ್ದರೂ ಬದಲಾಯಿಸಿ. ಬಾಗಿದ ರನ್ನರ್ ಒಂದೇ ಸಾಕು, ಡಾರ್ಟಿಂಗ್ ಹುಟ್ಟಿಸಲು.

ಹೊಸದು ತರುವಾಗ ಮೊದಲ ಪ್ರಶ್ನೆ ಉದ್ದ. ಕಾರ್ಬೈಡ್ ಪಟ್ಟಿಗಳು 4, 6, 8 ಇಂಚು ಹೀಗೆ ಸಿಗುತ್ತವೆ. ಉದ್ದ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಹ್ಯಾಂಡಲೂ ಅಷ್ಟೇ ಭಾರ. ಎಷ್ಟು ಬೇಕು ಎನ್ನುವುದನ್ನು ಹೇಳುವುದು ಸ್ಕೀ ಅಲ್ಲ, ಹಿಂದಿರುವ ಟ್ರ್ಯಾಕ್. ಅದರಲ್ಲಿ ಸ್ಟಡ್, ಅಂದರೆ ಲೋಹದ ಮೊಳೆಗಳು, ಇಲ್ಲದಿದ್ದರೆ ಗಿಡ್ಡ ಕಾರ್ಬೈಡೇ ಸಾಕು. ಮುಂದೆ ಜಾಸ್ತಿ ಕಚ್ಚಿಸಿದರೆ ಬಾಲ ಜಾರುತ್ತದೆ. ನೂರರ ಹತ್ತಿರ ಸ್ಟಡ್ ಇದ್ದರೆ ಮಧ್ಯಮ ಉದ್ದಕ್ಕೆ ಬನ್ನಿ, ಅದಕ್ಕೂ ಮೀರಿದ್ದರೆ ಉದ್ದದ್ದು. ಹಿಂದೆ ಅಷ್ಟು ಸ್ಟಡ್ ಬಡಿದು ಮುಂದೆ ಹಳೇ ಗಿಡ್ಡ ರನ್ನರನ್ನೇ ಬಿಟ್ಟರೆ ಗಾಡಿ ತಿರುವಿನಲ್ಲಿ ನೇರ ಕಾಡಿಗೇ ನುಗ್ಗುತ್ತದೆ. ಮುಂದು ಹಿಂದು ಎರಡನ್ನೂ ಒಟ್ಟಿಗೇ ತೂಗಬೇಕು. (ಸ್ಟಡ್ ಹಾಕಿಸುವ ಮುನ್ನ ಟ್ರೇಲ್‌ನ ನಿಯಮ ಕೇಳಿಕೊಳ್ಳಿ. ಅಮೆರಿಕದ ಮಿನ್ನೆಸೋಟದಂಥ ಕಡೆ, ಡಾಂಬರು ಹಾಕಿದ ಸಾರ್ವಜನಿಕ ಟ್ರೇಲ್‌ಗಳಲ್ಲಿ ಸ್ಟಡ್ ಇರುವ ಟ್ರ್ಯಾಕ್‌ಗೆ ನಿರ್ಬಂಧ ಇದೆ.)

ಎಂಜಿನ್ನಿನ ಭಾರವೂ ಲೆಕ್ಕಕ್ಕೆ ಬರುತ್ತದೆ. ಫೋರ್‌ ಸ್ಟ್ರೋಕ್ ಗಾಡಿಗಳ ಮೂತಿ ಸಾಮಾನ್ಯವಾಗಿ ಭಾರ. ಆ ಭಾರವೇ ಸ್ಕೀಯನ್ನು ಒತ್ತುತ್ತದೆ. ಅಂಥ ಗಾಡಿಗೆ ತೀರಾ ಉದ್ದದ ಕಾರ್ಬೈಡ್ ಹಾಕಿದರೆ ಹ್ಯಾಂಡಲ್ ತಿರುಗಿಸಲು ಕುಸ್ತಿ ಮಾಡಬೇಕಾಗುತ್ತದೆ.

ಎರಡನೆಯದು ಅಂಚಿನ ಕೋನ. 60 ಡಿಗ್ರಿಯದು ಚೂಪು, ಮಂಜುಗಡ್ಡೆಯನ್ನು ಚೆನ್ನಾಗಿ ಕಚ್ಚುತ್ತದೆ, ಆದರೆ ಬೇಗ ಮೊಂಡಾಗುತ್ತದೆ. 90 ಡಿಗ್ರಿಯದು ಕಚ್ಚುವುದು ಕಡಿಮೆ, ಬಾಳಿಕೆ ಜಾಸ್ತಿ. ಹಿಮ ತೆಳುವಾಗಿ ಕಲ್ಲು ಮಣ್ಣು ಇಣುಕುವ ಟ್ರೇಲ್‌ಗಳಲ್ಲೇ ನಿಮ್ಮ ಓಡಾಟವಾದರೆ 90 ಡಿಗ್ರಿಯದೇ ಲೇಸು.

ಮೂರನೆಯದು, ಒಂಟಿ ರನ್ನರೋ ಜೋಡಿಯೋ. ಜೋಡಿ ರನ್ನರ್‌ನಲ್ಲಿ ಎರಡು ಕಾರ್ಬೈಡ್ ಪಟ್ಟಿಗಳು ಅಕ್ಕಪಕ್ಕ ಓಡುತ್ತವೆ. ವುಡೀಸ್ ಕಂಪನಿಯ ಡೂಲಿ, ಸ್ಟಡ್ ಬಾಯ್ ಕಂಪನಿಯ ಶೇಪರ್ ಬಾರ್ ಈ ಜಾತಿಯವು. ಒಂದು ಅಂಚು ಹಳೇ ಗೀರಿಗೆ ಬಿದ್ದರೂ ಇನ್ನೊಂದು ಅಂಚು ಗಟ್ಟಿ ಹಿಮದ ಮೇಲೆ ಇರುತ್ತದೆ, ಹಾಗಾಗಿ ಸ್ಕೀ ಪೂರ್ತಿ ಜಾಡಿಗೆ ಇಳಿಯುವುದಿಲ್ಲ. ಜನ ಜಾಸ್ತಿ ಓಡಾಡುವ ಟ್ರೇಲ್‌ನಲ್ಲಿ ತೋಳಿಗೆ ಸಿಗುವ ಆರಾಮ ಮೊದಲ ದಿನವೇ ಗೊತ್ತಾಗುತ್ತದೆ. ಬೆಲೆ ಒಂಟಿಗಿಂತ ಹೆಚ್ಚು, ಎಲ್ಲ ಸ್ಕೀಗೂ ಕೂರುವುದಿಲ್ಲ. ಕಾಯಿಲೆ ಡಾರ್ಟಿಂಗೇ ಆಗಿದ್ದು, ಎರಡನೇ ಹೆಜ್ಜೆಯಲ್ಲಿ ಹೇಳಿದ್ದೆಲ್ಲ ಮಾಡಿ ಮುಗಿದಿದ್ದರೆ, ಸ್ಕೀ ಬದಲಾಯಿಸುವ ಮೊದಲು ಖರ್ಚು ಮಾಡಬೇಕಾದ್ದು ಇದಕ್ಕೆ.

ಹೆಜ್ಜೆ 4: ಸ್ಕೀಯೇ ಬೇಕು ಎಂದಾದರೆ

ಟ್ರೇಲ್ ಸ್ಕೀಗಳು ಸುಮಾರು 6 ಇಂಚು ಅಗಲ, ಆಳ ಹಿಮದ ಬೆಟ್ಟಗಳಿಗೆ ಮಾಡಿದವು 7, 8 ಇಂಚು. ಅಗಲದ್ದು ನೋಡಲು ಗತ್ತು. ಗಟ್ಟಿ ಟ್ರೇಲ್‌ನಲ್ಲಿ ಆ ಅಗಲ ಕೆಲಸಕ್ಕೆ ಬರುವುದಿಲ್ಲ, ಹ್ಯಾಂಡಲ್ ಮಾತ್ರ ಭಾರವಾಗುತ್ತದೆ. ವರ್ಷದಲ್ಲಿ ಎರಡು ದಿನ ಆಳ ಹಿಮಕ್ಕೆ ಇಳಿಯುವವರು ಉಳಿದ ದಿನಗಳ ಸುಖ ಕಳೆದುಕೊಳ್ಳಬೇಡಿ.

ನೋಡಬೇಕಾದ್ದು ಕೀಲ್. ಆಳವಾದ ಕೀಲ್ ಮಧ್ಯಾಹ್ನದ ಹೊತ್ತಿಗೆ ಪುಡಿಯಾದ ಟ್ರೇಲ್‌ನಲ್ಲೂ ಹಿಡಿಯುತ್ತದೆ, ಆಗ ಕಾರ್ಬೈಡಿಗೆ ಕಚ್ಚಲು ಏನೂ ಸಿಗುವುದಿಲ್ಲ. ಎರಡು ಕೀಲ್ ಇರುವ ಸ್ಕೀಗಳೂ ಇವೆ. ಸ್ಕೀ-ಡೂ ಕಂಪನಿಯ ಪೈಲಟ್ ಟಿಎಸ್‌ನಂಥದ್ದರಲ್ಲಿ ಕಚ್ಚುವಿಕೆಯನ್ನು ಒಂದು ಗುಬುಟು ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ನಿಮ್ಮ ಗಾಡಿಯ ಮಾದರಿಗೆ ಹೊಂದುವ ಜೋಡಣೆ ಕಿಟ್ಟು, ರಬ್ಬರು ಸಿಗುತ್ತದೆಯೇ ಎಂದು ಕೇಳಿಯೇ ತನ್ನಿ.

ಹೆಜ್ಜೆ 5: ಹಾಕಿ, ಓಡಿಸಿ ನೋಡಿ

ದಪ್ಪ ಕೈಗವಸು ಹಾಕಿಕೊಳ್ಳಿ, ಹೊಸ ಕಾರ್ಬೈಡ್ ಬೆರಳು ಕುಯ್ಯುತ್ತದೆ. ಹಳೇ ರನ್ನರ್ ಬಿಚ್ಚಿದ ಮೇಲೆ ಕೀಲ್‌ನ ತೋಡಿನಲ್ಲಿ ಕೂತ ಮಣ್ಣು, ಮಂಜು ಕೆರೆದು ತೆಗೆಯಿರಿ. ಒಂದು ಕಲ್ಲಿನ ಚೂರು ಉಳಿದರೂ ರನ್ನರ್ ಬಾಗಿ ಕೂರುತ್ತದೆ. ನೈಲಾನ್ ಇರುವ ಲಾಕ್ ನಟ್ಟನ್ನು ಮತ್ತೆ ಬಳಸಬೇಡಿ, ಹೊಸದು ಹಾಕಿ. ಗಟ್ಟಿಯಾಗಲಿ ಎಂದು ಮೈಯೆಲ್ಲ ಭಾರ ಹಾಕಿ ಬಿಗಿಯುವುದೂ ಬೇಡ. ಕೆಳಗಿರುವುದು ಪ್ಲಾಸ್ಟಿಕ್, ಅದು ಸೆಳೆದು ಸೊಟ್ಟಗಾಗುತ್ತದೆ. ಮುಗಿದ ಮೇಲೆ ಸ್ಕೀ ನೇರವನ್ನು ಇನ್ನೊಮ್ಮೆ ಅಳೆಯಿರಿ.

ಮೊದಲ ಓಟ ಗೊತ್ತಿರುವ ದಾರಿಯಲ್ಲಿ, ನಿಧಾನವಾಗಿ. ಹೊಸ ಕಾರ್ಬೈಡ್ ನೀವು ಅಂದುಕೊಂಡದ್ದಕ್ಕಿಂತ ಬೇಗ ತಿರುಗಿಸುತ್ತದೆ. ಮೊಂಡು ಕಾರ್ಬೈಡಿಗೆ ಒಗ್ಗಿದ ಕೈ ಹಳೇ ಅಭ್ಯಾಸದಲ್ಲಿ ಜೋರಾಗಿ ಎಳೆದುಬಿಡುತ್ತದೆ. ವಾಪಸು ಬಂದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ.

ಡಾಂಬರು ರಸ್ತೆ, ರೈಲು ಹಳಿ ಬಂದಾಗ ನೇರ ಅಡ್ಡಲಾಗಿ ದಾಟಿ, ಮಧ್ಯದಲ್ಲಿ ಹ್ಯಾಂಡಲ್ ತಿರುಗಿಸಬೇಡಿ. ಬರಿ ಸಿಮೆಂಟ್ ನೆಲದ ಮೇಲೆ ಗಾಡಿ ಸರಿಸಬೇಕಾದರೆ ಸ್ಕೀ ಅಡಿಗೆ ಚಕ್ರದ ಹಲಗೆ ಇಡಿ.