ಪುಟಾಣಿಗಳನ್ನು ಕಟ್ಟಿಕೊಂಡು ಕಡಲೆಕಾಯಿ ಪರಿಷೆಗೆ ಹೋಗಿಬರುವುದು ಹೇಗೆ

ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೊದಲ ಸಲ ಬಸವನಗುಡಿ ಪರಿಷೆಗೆ ಹೋದಾಗ ನಾವು ಮಾಡಿದ್ದೆಲ್ಲ ತಪ್ಪೇ. ಸೋಮವಾರ ಸಂಜೆ ಏಳು ಗಂಟೆಗೆ ಹೋದೆವು. ಸ್ಟ್ರೋಲರ್ ತಳ್ಳಿಕೊಂಡು ಹೋದೆವು. ಬಂದಮೇಲೆ ದೊಡ್ಡ ಬಸವಣ್ಣನ ದರ್ಶನ ಮಾಡಿಯೇ ಹೋಗಬೇಕು ಅಂತ ಹಟ ಬೇರೆ. ಮಗಳಿಗೆ ಆಗ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಗ ನನ್ನ ಸೊಂಟದ ಮೇಲೆ, ಸ್ಟ್ರೋಲರ್ ನಮ್ಮ ಯಜಮಾನರ ತಲೆಯ ಮೇಲೆ, ಮಗಳು ಮಾತ್ರ ಕೆಳಗೆ ಜನರ ಕಾಲು, ಚೀಲ, ಪಂಚೆ ಬಿಟ್ಟು ಬೇರೇನೂ ಕಾಣದೆ ಗೋಳೋ ಅಂತ ಅಳುತ್ತಿದ್ದಳು. ಕಡಲೆಕಾಯಿ ಕೊಳ್ಳುವುದನ್ನೇ ಮರೆತು ವಾಪಸ್ ಬಂದೆವು.

ಆಮೇಲೆ ಎರಡು ಸಲ ಹೋಗಿದ್ದೇವೆ. ಎರಡೂ ಸಲ ಚೆನ್ನಾಗಿಯೇ ಆಯಿತು. ಪರಿಷೆ ಬದಲಾಗಲಿಲ್ಲ, ನಮ್ಮ ಆಸೆಯನ್ನು ನಾವು ಚಿಕ್ಕದು ಮಾಡಿಕೊಂಡೆವು, ಅಷ್ಟೇ.

ಯಾವಾಗ ಹೋಗಬೇಕು

ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಬರುತ್ತದೆ, ಕೆಲವು ವರ್ಷ ಸ್ವಲ್ಪ ಹಿಂದೆ ಮುಂದೆ. ಆದರೆ ಅಂಗಡಿಗಳು ಆ ಒಂದೇ ದಿನ ಇರುವುದಿಲ್ಲ. ಶನಿವಾರ, ಭಾನುವಾರದ ಹೊತ್ತಿಗೇ ರೈತರು, ವ್ಯಾಪಾರಿಗಳು ಮೂಟೆ ಇಳಿಸಿರುತ್ತಾರೆ. ಸೋಮವಾರ ಕಳೆದ ಮೇಲೂ ಒಂದೆರಡು ದಿನ ವ್ಯಾಪಾರ ನಡೆಯುತ್ತದೆ. ಚಿಕ್ಕ ಮಕ್ಕಳಿದ್ದರೆ ಸೋಮವಾರವನ್ನು ಬಿಟ್ಟುಬಿಡಿ. ಭಾನುವಾರ ಸಂಜೆಯೂ ಬೇಡ, ಅದೂ ಸೋಮವಾರದಷ್ಟೇ ಜಾತ್ರೆ. ಶನಿವಾರ ಬೆಳಿಗ್ಗೆ ಅಥವಾ ಮಂಗಳವಾರ ಬೆಳಿಗ್ಗೆ, ಎಂಟೂವರೆ ಒಂಬತ್ತರ ಹೊತ್ತಿಗೆ ಹೋಗಿ.

"ಸೋಮವಾರ ಹೋಗದಿದ್ದರೆ ಅದೆಂಥ ಪರಿಷೆ?" ಅಂತ ನಮ್ಮತ್ತೆ ಗೊಣಗಿದರು. ಅವರು ಸೋಮವಾರ ತಮ್ಮ ಗೆಳತಿಯರ ಜೊತೆ ಹೋಗಿ ಪೂಜೆ ಮಾಡಿಸಿಕೊಂಡು ಬಂದರು. ಎಲ್ಲರೂ ಒಟ್ಟಿಗೇ ಹೋಗಬೇಕು ಅನ್ನುವ ಹಟ ಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೆಳಿಗ್ಗೆ ಹೋದರೆ ಎಲ್ಲ ಅಂಗಡಿ ತೆರೆದಿರುವುದಿಲ್ಲ, ನಿಜ. ಆದರೆ ಮಕ್ಕಳಿಗೆ ಬೇಕಾದದ್ದು ಆಗಲೇ ಕಾಣುವುದು. ಯಾರೋ ಮೂಟೆಯ ಹೊಲಿಗೆ ಬಿಚ್ಚಿ ಕಾಯಿ ಸುರಿಯುತ್ತಿರುತ್ತಾರೆ, ಬೆಟ್ಟದ ಹಾಗೆ ರಾಶಿ ಏಳುತ್ತದೆ. ಇನ್ನೊಬ್ಬರು ಒಲೆ ಹಚ್ಚಿ ಬಾಣಲೆಯಲ್ಲಿ ಮರಳು ಕಾಯಿಸುತ್ತಿರುತ್ತಾರೆ. ಅವರಿಗೂ ಆಗ ಬಿಡುವು, ನಿಮ್ಮ ಮಗು "ಮಣ್ಣಲ್ಲಿ ಯಾಕೆ ಹುರೀತೀರ?" ಅಂತ ಕೇಳಿದರೆ ಉತ್ತರ ಕೊಡುವಷ್ಟು ಪುರುಸೊತ್ತು ಇರುತ್ತದೆ. (ಮರಳಲ್ಲಿ ಹುರಿದರೆ ಎಲ್ಲ ಕಡೆ ಒಂದೇ ಸಮ ಬಿಸಿ ತಾಗುತ್ತದೆ, ಕಾಯಿ ಸೀಯುವುದಿಲ್ಲ.)

ಬಸವನಗುಡಿ ದೂರವಾದರೆ ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರವೂ ಈಚಿನ ವರ್ಷಗಳಲ್ಲಿ ಪರಿಷೆ ಮಾಡುತ್ತಿದ್ದಾರೆ. ಮೊದಲ ಸಲಕ್ಕೆ ಅದೂ ಸಾಕು.

ಹೋಗುವ ದಾರಿ, ಒಯ್ಯುವ ಚೀಲ

ಕಾರು ಬೇಡ. ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಸುತ್ತಲ ಗಲ್ಲಿಗಳಲ್ಲಿ ಜಾಗ ಹುಡುಕುವಷ್ಟರಲ್ಲಿ ಮಗು ನಿದ್ದೆ ಮಾಡಿಬಿಡುತ್ತದೆ. ಮೆಟ್ರೋದಲ್ಲಿ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಅಲ್ಲೇ ಶೌಚಾಲಯದ ಕೆಲಸ ಮುಗಿಸಿ, "ಬರ್ತಾ ಇಲ್ಲ" ಅಂದರೂ ಒಮ್ಮೆ ಕೂರಿಸಿ. ಅಲ್ಲಿಂದ ನಡೆಯುವ ದಾರಿ ದೊಡ್ಡವರಿಗೆ ಹತ್ತಿರ, ಎರಡು ವರ್ಷದ ಕಾಲಿಗೆ ಬಹಳ ದೂರ. ಆ ಶಕ್ತಿಯನ್ನು ಪರಿಷೆಗೆ ಉಳಿಸಿ, ರಾಮಕೃಷ್ಣ ಆಶ್ರಮದ ತನಕ ಆಟೋ ಹಿಡಿಯಿರಿ.

ಸ್ಟ್ರೋಲರ್ ಮನೆಯಲ್ಲಿರಲಿ. ಬೆನ್ನಿಗೋ ಎದೆಗೋ ಕಟ್ಟುವ ಕ್ಯಾರಿಯರ್ ಇದ್ದರೆ ಸರಿ, ಇಲ್ಲದಿದ್ದರೆ ಅಪ್ಪನ ಹೆಗಲು. ಹೆಗಲೇ ಒಳ್ಳೆಯದು ಅಂತ ನನಗನ್ನಿಸುತ್ತದೆ, ಅಲ್ಲಿಂದ ಇಡೀ ಬೀದಿ ಕಾಣುತ್ತದೆ. ನೀರು, ಒದ್ದೆ ಬಟ್ಟೆ, ಒಂದು ಜೊತೆ ಚಡ್ಡಿ, ಎರಡು ಬಟ್ಟೆ ಚೀಲ. ತಿಂಡಿ ಮನೆಯಲ್ಲೇ ಹೊಟ್ಟೆ ತುಂಬ ಆಗಿರಲಿ. ಹಸಿದ ಮಗುವಿಗೆ ಬಾಂಬೆ ಮಿಠಾಯಿ ಕಂಡರೆ ಆಮೇಲೆ ನಿಮ್ಮ ಮಾತು ನಡೆಯುವುದಿಲ್ಲ.

ಹೊರಡುವ ಮುಂಚೆ ಬಾಗಿಲಲ್ಲೇ ಮಕ್ಕಳ ಒಂದು ಫೋಟೋ ತೆಗೆದುಕೊಳ್ಳಿ, ಆವತ್ತಿನ ಬಟ್ಟೆ ಕಾಣುವ ಹಾಗೆ. ಮಗು ಕೈತಪ್ಪಿದರೆ "ಯಾವ ಬಣ್ಣದ ಅಂಗಿ?" ಅನ್ನುವ ಪ್ರಶ್ನೆಗೆ ಗಾಬರಿಯಲ್ಲಿ ಯಾರಿಗೂ ಉತ್ತರ ಬರುವುದಿಲ್ಲ. ನಿಮ್ಮ ಫೋನ್ ನಂಬರನ್ನು ಮಗುವಿನ ಮುಂಗೈ ಮೇಲೆ ಪೆನ್ನಿನಲ್ಲಿ ಬರೆಯಿರಿ, ಒಂದು ಚೀಟಿ ಜೇಬಲ್ಲೂ ಇರಲಿ. ಮಾತು ಬರುವ ಮಕ್ಕಳಿಗೆ ಎರಡೇ ವಿಷಯ ಹೇಳಿಕೊಡಿ. ಕಾಣದೇ ಹೋದರೆ ನಿಂತಲ್ಲೇ ನಿಲ್ಲು. ಹತ್ತಿರದಲ್ಲಿ ರಾಶಿ ಮುಂದೆ ಕೂತಿರುವ ಅಜ್ಜಿಗೋ ಆಂಟಿಗೋ "ನಮ್ಮಮ್ಮ ಕಾಣ್ತಿಲ್ಲ" ಅಂತ ಹೇಳು. ನಡೆದು ಹೋಗುವವರನ್ನಲ್ಲ, ಕೂತವರನ್ನು ಕೇಳಬೇಕು, ಯಾಕೆಂದರೆ ಅವರು ಅಂಗಡಿ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅಮ್ಮನ ಹೆಸರೂ ಗೊತ್ತಿರಲಿ. ನನ್ನ ಮಗಳನ್ನು ಕೇಳಿದರೆ "ಅಮ್ಮನ ಹೆಸರು ಅಮ್ಮ" ಅನ್ನುತ್ತಿದ್ದಳು.

ಕಡಲೆಬೀಜದ ವಿಷಯ, ಇದನ್ನು ಮಾತ್ರ ಪೂರ್ತಿ ಓದಿ

ಪರಿಷೆಯಲ್ಲಿ ಎಲ್ಲರೂ ಮಕ್ಕಳ ಕೈಗೆ ಕಡಲೆಕಾಯಿ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ನಾಲ್ಕು ವರ್ಷ ತುಂಬದ ಮಗುವಿಗೆ ಇಡೀ ಬೀಜ ಕೊಡಬಾರದು, ಐದರ ತನಕ ಬೇಡ ಅನ್ನುವ ಡಾಕ್ಟರುಗಳೂ ಇದ್ದಾರೆ. ಅರ್ಧ ಬೇಳೆಯೂ ಬೇಡ. ಪುಟ್ಟ ಮಕ್ಕಳಿಗೆ ಗಟ್ಟಿ ಬೀಜವನ್ನು ದವಡೆಯಲ್ಲಿ ನುಣ್ಣಗೆ ಅರೆಯಲು ಬರುವುದಿಲ್ಲ, ಬಾಯಲ್ಲಿಟ್ಟುಕೊಂಡೇ ಓಡುತ್ತಾರೆ, ನಗುತ್ತಾರೆ, ಅಳುತ್ತಾರೆ. ಒಂದು ಉಸಿರಿಗೆ ಬೀಜ ಶ್ವಾಸನಾಳಕ್ಕೆ ಜಾರುತ್ತದೆ. ಅಲ್ಲಿ ಕೂತರೆ ತೇವಕ್ಕೆ ಉಬ್ಬುತ್ತದೆ, ಅದರ ಎಣ್ಣೆಗೆ ಒಳಗೆಲ್ಲ ಕೆರಳಿ ಊದಿಕೊಳ್ಳುತ್ತದೆ. ಬೇಯಿಸಿದ ಕಾಯಿ ಮೆತ್ತಗಿರುತ್ತದಲ್ಲ ಅಂತ ಕೊಡಬೇಡಿ, ಅದೂ ಜಾರುತ್ತದೆ. ಚಿಕ್ಕಿ, ಕಾಂಗ್ರೆಸ್ ಕಡಲೆಬೀಜ ಎಲ್ಲಕ್ಕೂ ಇದೇ ಮಾತು.

ಹಾಗಂತ ಅಜ್ಜಿಯರ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದೂ ಕಷ್ಟ. ನಾನು "ಅಜ್ಜಿ, ನನ್ನ ಕೈಗೆ ಕೊಡಿ, ಮನೇಲಿ ಪುಡಿ ಮಾಡಿ ತಿನ್ನಿಸ್ತೀನಿ" ಅನ್ನುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಚಿಕ್ಕವನಿಗೆ ಮನೆಯಿಂದ ಬೆಲ್ಲ, ಕಡಲೆಬೀಜ ನುಣ್ಣಗೆ ಪುಡಿ ಮಾಡಿ, ಸ್ವಲ್ಪ ತುಪ್ಪ ಹಾಕಿ ಮೆತ್ತಗೆ ಕಲಸಿ ಪುಟ್ಟ ಡಬ್ಬಿಯಲ್ಲಿ ಒಯ್ಯುತ್ತೇನೆ. ಎಲ್ಲರೂ ತಿನ್ನುವಾಗ ಅವನಿಗೂ ಕಡಲೆಕಾಯಿ ತಿಂದ ಹಾಗಾಗುತ್ತದೆ. (ಮಗು ಈ ಮೊದಲು ಕಡಲೆಬೀಜ ತಿಂದೇ ಇಲ್ಲವಾದರೆ ಮೊದಲ ರುಚಿ ಮನೆಯಲ್ಲೇ ನೋಡಿಸಿ, ಜಾತ್ರೆಯಲ್ಲಿ ಬೇಡ. ಮೈಮೇಲೆ ದದ್ದು, ತುಟಿ ಊತ, ವಾಂತಿ ಬಂದರೆ ಅದು ಅಲರ್ಜಿ ಇರಬಹುದು, ಉಸಿರಾಡಲು ಕಷ್ಟಪಟ್ಟರೆ ಕಾಯದೆ ಆಸ್ಪತ್ರೆಗೆ ಓಡಿ.)

ಒಂದು ವೇಳೆ ಸಿಕ್ಕಿಕೊಂಡರೆ? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬಾಯಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಸದ್ದೇ ಇಲ್ಲ, ಉಸಿರಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ತಕ್ಷಣ ಮುಂದಕ್ಕೆ ಬಗ್ಗಿಸಿ, ಅಂಗೈ ಬುಡದಿಂದ ಬೆನ್ನಿನ ಮೇಲ್ಭಾಗದಲ್ಲಿ, ಎರಡು ಹೆಗಲೆಲುಬುಗಳ ನಡುವೆ, 5 ಸಲ ಬಲವಾಗಿ ಹೊಡೆಯಿರಿ. ಬರಲಿಲ್ಲವಾದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಾಗಿ ಹಿಡಿದು ಬೆನ್ನಿಗೆ 5, ತಿರುಗಿಸಿ ಎದೆಯ ನಡುವೆ ಎರಡು ಬೆರಳಲ್ಲಿ 5 ಸಲ ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನು ಓದಿ ಕಲಿಯುವುದು ಸಾಲದು. ಮುಂದಿನ ಸಲ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರ ಹತ್ತಿರ "ಮಾಡಿ ತೋರಿಸಿ" ಅಂತ ಕೇಳಿ.

ಇನ್ನೊಂದು. ಮಗು ಒಮ್ಮೆ ಜೋರಾಗಿ ಕೆಮ್ಮಿ, ಆಮೇಲೆ ಸುಮ್ಮನಾಗಿ ಆಟಕ್ಕೆ ಹೋಯಿತು, ಆದರೆ ರಾತ್ರಿ ಗೊರಗೊರ ಅನ್ನುತ್ತಿದೆ, ಕೆಮ್ಮು ಬಿಡುತ್ತಿಲ್ಲ. ಥಂಡಿ ಆಗಿರಬೇಕು ಅಂತ ಬಿಡಬೇಡಿ. "ಬಾಯಲ್ಲಿ ಕಡಲೆಬೀಜ ಇತ್ತು" ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಆಟಿಕೆಗಳಲ್ಲಿ ಎರಡಕ್ಕೆ ಹೆದರಿ. ಒಡೆದ ಬಲೂನಿನ ತುಂಡು, ಮತ್ತೆ ಮಿಣಮಿಣ ಮಿನುಗುವ ಲೈಟಿನ ಸಾಮಾನು. ಅದರೊಳಗೆ ಬಟನ್ ಬ್ಯಾಟರಿ ಇರುತ್ತದೆ, ಕಳಚಿ ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳವನ್ನು ಸುಟ್ಟುಬಿಡುತ್ತದೆ. ಗಿರಿಗಿಟ್ಲೆ ಕೊಡಿಸಿ, ಮಣ್ಣಿನ ಕುಡಿಕೆ ಕೊಡಿಸಿ. ಪೀಪಿ ಕೊಡಿಸುವುದು ಬಿಡುವುದು ನಿಮ್ಮ ಕಿವಿಗೆ ಬಿಟ್ಟದ್ದು.

ಅಲ್ಲಿ ಏನು ಮಾಡುವುದು

ಒಂದು ಬೀದಿ, ಒಂದು ಸೇರು ಕಡಲೆಕಾಯಿ, ಒಂದು ಆಟಿಕೆ. ಒಂದೂವರೆ ಗಂಟೆ. ನಮ್ಮ ಲೆಕ್ಕ ಇಷ್ಟೇ.

ಕೊಳ್ಳುವ ಕೆಲಸ ದೊಡ್ಡ ಮಗುವಿಗೆ ಬಿಡಿ. ಕೈಗೆ ದುಡ್ಡು ಕೊಟ್ಟು, ಯಾವ ರಾಶಿ ಅಂತ ಅವಳೇ ಆರಿಸಲಿ. ಗಿಡ್ಡ ಕಾಯಿ, ಉದ್ದ ಕಾಯಿ, ಎರಡು ಬೀಜದ್ದು, ಮೂರು ಬೀಜದ್ದು ಅಂತ ಬಗೆಬಗೆ ಇರುತ್ತದೆ. ಒಂದೊಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವುದು ಕಲಿಸಿ, ಒಣಗಿದ್ದು ಗಲಗಲ ಅನ್ನುತ್ತದೆ, ಹಸಿಯದು ಸುಮ್ಮನಿರುತ್ತದೆ. ಅಳೆದು ಹಾಕಿದ ಮೇಲೆ "ಕೊಸರು?" ಅಂತ ಕೇಳುವುದನ್ನೂ ಕಲಿಸಿ. ಸೂಪರ್ ಮಾರ್ಕೆಟ್ಟಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕೊಸರು ಅನ್ನುವುದೇ ಗೊತ್ತಿಲ್ಲ. ಮಗಳು ಮೊದಲ ಸಲ ಕೇಳಿದಾಗ ಆ ಹೆಂಗಸು ನಕ್ಕು ಎರಡು ಹಿಡಿ ಹಾಕಿದರು. ಅವಳಿಗೆ ಪರಿಷೆ ಅಂದರೆ ಇವತ್ತಿಗೂ ಆ ಎರಡು ಹಿಡಿ. ಚೌಕಾಸಿ ಮಾತ್ರ ಮಕ್ಕಳ ಮುಂದೆ ಜಾಸ್ತಿ ಬೇಡ, ಅವರು ದೂರದ ಊರಿಂದ ಬಂದು ಬೀದಿಯಲ್ಲೇ ಮಲಗಿದವರು.

ದೇವಸ್ಥಾನದ ಸಾಲು ಚಿಕ್ಕದಿದ್ದರೆ ಒಳಗೆ ಹೋಗಿ, ಉದ್ದವಿದ್ದರೆ ಕೈಮುಗಿದು ಬನ್ನಿ. ಕೆಂಪೇಗೌಡರು ಕಟ್ಟಿಸಿದ್ದು ಅನ್ನುವ ಗುಡಿ. ಒಳಗೆ ಒಂದೇ ಕಲ್ಲಿನ ಬಸವಣ್ಣ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಸಾಲಲ್ಲಿ ನಿಂತಾಗ ಕಥೆ ಹೇಳಿ: ಇಲ್ಲೆಲ್ಲ ಕಡಲೆಕಾಯಿ ಹೊಲ ಇತ್ತಂತೆ, ರಾತ್ರಿ ಒಂದು ಬಸವ ಬಂದು ಬೆಳೆಯನ್ನೆಲ್ಲ ಮೇಯುತ್ತಿತ್ತಂತೆ, ರೈತರು ಗುಡಿ ಕಟ್ಟಿ "ಮೊದಲ ಬೆಳೆ ನಿನಗೇ ಕೊಡ್ತೀವಿ" ಅಂತ ಹರಕೆ ಹೊತ್ತರಂತೆ. ಬಸವ ಬೆಳೆಯುತ್ತಲೇ ಹೋದದ್ದಕ್ಕೆ ಹಣೆಯ ಮೇಲೆ ತ್ರಿಶೂಲ ನೆಟ್ಟು ನಿಲ್ಲಿಸಿದರು ಅನ್ನುವುದು ಕಥೆಯ ಇನ್ನೊಂದು ತುಂಡು. ಮಕ್ಕಳಿಗೆ ಇದೇ ಹೆಚ್ಚು ಇಷ್ಟ. "ತ್ರಿಶೂಲ ತೆಗೆದರೆ?" ಅಂತ ನನ್ನ ಮಗ ದಾರಿಯುದ್ದಕ್ಕೂ ಕೇಳುತ್ತಿದ್ದ. ಅಳು ಶುರುವಾಗುವ ಲಕ್ಷಣ ಕಂಡರೆ ಪಕ್ಕದ ಬ್ಯೂಗಲ್ ರಾಕ್ ಪಾರ್ಕಿಗೆ ಹೋಗಿ ಬಂಡೆಯ ನೆರಳಲ್ಲಿ ಹತ್ತು ನಿಮಿಷ ಕೂತುಬಿಡಿ. ಹತ್ತು ನಿಮಿಷದಲ್ಲಿ ಸರಿಹೋಗದಿದ್ದರೆ ಮನೆಗೆ ಹೊರಡಿ.

ಮನೆಗೆ ಬಂದಮೇಲೆ

ಹಸಿ ಕಾಯಿಯನ್ನು ಕವರಿನಲ್ಲಿ ಕಟ್ಟಿಡಬೇಡಿ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ತೊಳೆದು ತಿನ್ನುವುದೂ ಬೇಡ, ಎಸೆಯಿರಿ. ಪೇಪರ್ ಹಾಸಿ ಬಿಸಿಲಿಗೆ ಹರವಿ, ಒಂದಿಷ್ಟನ್ನು ಆವತ್ತೇ ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಸಂಜೆ ಎಲ್ಲರೂ ನೆಲದ ಮೇಲೆ ಕೂತು ಸಿಪ್ಪೆ ಬಿಡಿಸಿ, ಬೀಜದ ಬಟ್ಟಲು ಚಿಕ್ಕವನಿಗೆ ಎಟುಕದ ಕಡೆ ಇರಲಿ. ಅವನಿಗೆ ಖಾಲಿ ಸಿಪ್ಪೆ ಪಟಪಟ ಮುರಿಯುವ ಕೆಲಸ. ಅದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ನಾಲ್ಕು ಹಸಿ ಬೀಜ ಎತ್ತಿಟ್ಟು ಕುಂಡದಲ್ಲಿ ಹಾಕಿಸಿ. ಬಿಸಿಲು ಚೆನ್ನಾಗಿ ಬೀಳುವ ಜಾಗ, ಸಡಿಲ ಮಣ್ಣು, ಬೆರಳಿನ ಎರಡು ಗೆಣ್ಣಿನಷ್ಟು ಆಳ. ಬೆಂಗಳೂರಿನ ಚಳಿಗೆ ಮೊಳಕೆ ಸ್ವಲ್ಪ ತಡವಾಗಬಹುದು. ತಿಂಗಳು ಕಳೆದ ಮೇಲೆ ಹಳದಿ ಹೂ ಬರುತ್ತದೆ, ಹೂ ಬಾಡಿದ ಮೇಲೆ ಅದರ ಬುಡದಿಂದ ಒಂದು ಸೂಜಿಯಂಥದ್ದು ಹೊರಟು ಕೆಳಕ್ಕೆ ಬಾಗಿ ಮಣ್ಣಿಗೆ ಚುಚ್ಚಿಕೊಳ್ಳುತ್ತದೆ, ಕಾಯಿ ಆಗುವುದು ಅದರ ತುದಿಯಲ್ಲಿ. ನೋಡದೆ ನಂಬುವ ವಿಷಯವಲ್ಲ. ಮೂರೂವರೆ ನಾಲ್ಕು ತಿಂಗಳಿಗೆ ಕೀಳಬಹುದು. ನಮ್ಮ ಮಗಳು ಒಂದು ಕುಂಡಕ್ಕೆ ಹಸಿ ಬೀಜ, ಇನ್ನೊಂದಕ್ಕೆ ಹುರಿದದ್ದು ಹಾಕಿದಳು. ಮೊದಲನೆಯದು ಮೊಳೆತು ನಾಲ್ಕೆಲೆ ಬಿಟ್ಟಿದೆ. ಎರಡನೆಯದಕ್ಕೂ ದಿನಾ ಬೆಳಿಗ್ಗೆ ನೀರು ಹಾಕುತ್ತಿದ್ದಾಳೆ, ನಾನಿನ್ನೂ ಏನೂ ಹೇಳಿಲ್ಲ.