ಐದನೇ ಕ್ಲಾಸಿನಿಂದ ಯುಕೆಜಿಗೆ ಹೋಗುತ್ತಿರುವ ಟೀಚರ್‌ಗಳಿಗೆ

ಮೊದಲು ಬದಲಿಸಬೇಕಾದ್ದು ಪಾಠವಲ್ಲ, ನಾವು ಹೇಳುವ ರೀತಿ. "ಪುಸ್ತಕ ಒಳಗಿಟ್ಟು, ಕೈ ತೊಳೆದು, ಸಾಲಾಗಿ ನಿಲ್ಲಿ" ಅಂದರೆ ಐದು ವರ್ಷದ ಮಗು ಅರ್ಧದಲ್ಲೇ ಕಳೆದುಹೋಗುತ್ತೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮಾಡಿ ತೋರಿಸಿ, ಮುಗಿಯುವವರೆಗೆ ಕಾಯಿರಿ. ಗೋಂದಿನ ಬಾಟಲಿಗೆ ಮುಚ್ಚಳ ಹಾಕುವುದನ್ನೂ ಕಲಿಸಬೇಕು. ನಾನು "ಟಕ್ ಅಂತಾ ಕೇಳಿಸ್ತಾ?" ಅಂತ ಕೇಳುತ್ತಿದ್ದೆ; ಎಲ್ಲರೂ ಬಾಟಲಿಯನ್ನು ಕಿವಿಗೆ ಹಿಡಿಯುತ್ತಿದ್ದರು. ಮೊದಲ ಎರಡು ಮೂರು ವಾರ ಇದಕ್ಕೇ ಹೋದರೂ ನಷ್ಟವಿಲ್ಲ.

ಕೂತು ಕೇಳುವ ಪಾಠ ಹತ್ತು ನಿಮಿಷ ದಾಟದಿರಲಿ. ಬರೆಸುವ ಆತುರ ಬೇಡ, ಬೆರಳಿಗೆ ಬಲ ಬರಲಿ: ಜೇಡಿಮಣ್ಣು ನಾದಲಿ, ಕಾಗದ ಹರಿಯಲಿ, ಮಣಿ ಪೋಣಿಸಲಿ. ಕಿಂಡರ್‌ಗಾರ್ಟನ್ ಶುರುಮಾಡಿದ ಫ್ರೋಬೆಲ್ ಕೂಡ ಮಕ್ಕಳ ಕೈಗೆ ಮೊದಲು ಕೊಟ್ಟದ್ದು ಉಣ್ಣೆಯ ಚೆಂಡನ್ನೇ. ಅಳುವ ಮಗು ಇದ್ದರೆ ದೂರದಿಂದ ಕರೆಯಬೇಡಿ, ಪಕ್ಕದಲ್ಲಿ ಮಂಡಿಯೂರಿ ಕೂತು ಮಾತಾಡಿಸಿ.